ಬಡಗಿ ಜೇಮ್ಸ್ ಪೀಟರ್ಸ್ ಮತ್ತು ಕಲ್ಕತ್ತೆಯ ಬಟ್ಟಲು

ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ವರ್ಷಕ್ಕೊಮ್ಮೆ ನಡೆಯುವ ರಗ್ಬಿ ಪಂದ್ಯದಲ್ಲಿ ಗೆದ್ದವರಿಗೆ ಒಂದು ಬೆಳ್ಳಿಯ ಬಟ್ಟಲು ಸಲ್ಲುತ್ತದೆ. ಅದಕ್ಕೆ ಮೂರು ಹಿಡಿಗಳು. ಮೂರೂ ನಾಗರಹಾವಿನ ಆಕಾರದವು. ಮುಚ್ಚಳದ ಮೇಲೆ ಒಂದು ಆನೆ ನಿಂತಿದೆ. ನಾಗರಕ್ಕೂ ಆನೆಗೂ ಸ್ಕಾಟ್ಲೆಂಡಿನ ಮಂಜಿಗೂ ಎಲ್ಲಿಯ ಸಂಬಂಧ ಎಂದು ಕೇಳುಗರಿಗೆ ಆಶ್ಚರ್ಯವಾಗಬಹುದು. ಸಂಬಂಧ ನಮ್ಮ ದೇಶದ್ದೇ. 1873ರಲ್ಲಿ ಕಲ್ಕತ್ತೆಯಲ್ಲಿದ್ದ ಬ್ರಿಟಿಷರು ಅಲ್ಲೊಂದು ರಗ್ಬಿ ಸಂಘವನ್ನು ಸ್ಥಾಪಿಸಿದರು. ಬಂಗಾಳದ ಸೆಕೆಯಲ್ಲಿ ಆ ಆಟ ಬೇರೂರಲಿಲ್ಲ. ಸದಸ್ಯರು ಒಬ್ಬೊಬ್ಬರಾಗಿ ಪೋಲೋ, ಟೆನಿಸ್‌ಗಳ ಕಡೆಗೆ ಸರಿದರು. ನಾಲ್ಕೈದು ವರ್ಷಗಳಲ್ಲಿಯೇ ಸಂಘವನ್ನು ಮುಚ್ಚಬೇಕಾಗಿ ಬಂತು. ಆದರೆ ಹೆಸರು ಅಳಿಯಬಾರದೆಂಬ ಆಸೆಯಿಂದ ಅವರು ಬ್ಯಾಂಕಿನಲ್ಲಿ ಉಳಿದಿದ್ದ 270 ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ, ಭಾರತದ ಕುಶಲಿಗರ ಕೈಯಿಂದಲೇ ಈ ಬಟ್ಟಲನ್ನು ಮಾಡಿಸಿ, 1878ರಲ್ಲಿ ಇಂಗ್ಲೆಂಡಿನ ರಗ್ಬಿ ಒಕ್ಕೂಟಕ್ಕೆ ಕೊಟ್ಟರು. 1879ರಿಂದ ಈಚೆಗೆ ಎರಡು ದೇಶಗಳೂ ಅದಕ್ಕಾಗಿಯೇ ಸೆಣಸುತ್ತ ಬಂದಿವೆ. ಅದರ ಹೆಸರು ಕಲ್ಕತ್ತಾ ಕಪ್ಪು.

1906ನೆಯ ಇಸವಿ ಮಾರ್ಚ್ 17ರಂದು, ಎಡಿನ್‌ಬರೋ ನಗರದ ಇನ್ವರ್‌ಲೀತ್ ಬಯಲಿನಲ್ಲಿ, ಈ ಬಟ್ಟಲಿಗಾಗಿ ಇಂಗ್ಲೆಂಡಿನ ಪರವಾಗಿ ಆಡಿದ ಹದಿನೈದು ಮಂದಿಯಲ್ಲಿ ಒಬ್ಬನ ಮೈಬಣ್ಣ ಉಳಿದವರಂತೆ ಇರಲಿಲ್ಲ. ಅವನ ಹೆಸರು ಜೇಮ್ಸ್ ಪೀಟರ್ಸ್. ವೃತ್ತಿಯಲ್ಲಿ ಬಡಗಿ. ಇಂಗ್ಲೆಂಡಿನ ರಗ್ಬಿ ತಂಡದಲ್ಲಿ ಸ್ಥಾನ ಪಡೆದ ಮೊಟ್ಟಮೊದಲನೆಯ ಕರಿಯ ಜನಾಂಗದವನು ಅವನೇ. ದೇಶಕ್ಕಾಗಿ ಅವನು ಆಡಿದ್ದು ಐದೇ ಪಂದ್ಯಗಳು. ದಾಖಲೆಯ ಪುಸ್ತಕದಲ್ಲಿ ಅದು ಒಂದು ಸಾಲಿಗಿಂತ ಹೆಚ್ಚು ಜಾಗವನ್ನು ಬೇಡುವುದಿಲ್ಲ. ಆ ಒಂದು ಸಾಲಿನ ಹಿಂದಿರುವ ಬಾಳನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಭಾಷಣದ ಉದ್ದೇಶ.

ಹೀಗೆ ಹೇಳುವುದಕ್ಕೆ ಒಂದು ಕಾರಣವೂ ಉಂಟು. ಇಂಗ್ಲಿಷ್ ಭಾಷೆಯನ್ನು ಕಲಿತವರೂ ಕಲಿಸುವವರೂ ಆದ ನನ್ನಂಥವರು ಆ ಭಾಷೆಯೊಡನೆ ಕೆಲವು ನಂಬಿಕೆಗಳನ್ನೂ ಪಡೆದುಕೊಂಡಿದ್ದೇವೆ. ಅವುಗಳಲ್ಲಿ ಒಂದು 'ಫೇರ್ ಪ್ಲೇ' ಎಂಬ ಮಾತು. ಆಂಗ್ಲೇಯರ ಆಟದ ಬಯಲೇ ಅವರ ನ್ಯಾಯದ ಪಾಠಶಾಲೆ, ಅಲ್ಲಿ ನೋಡುವುದು ಮನುಷ್ಯನ ಶಕ್ತಿಯನ್ನು, ಕುಲವನ್ನಲ್ಲ ಎಂದು ನಾವು ಓದಿದ್ದೇವೆ. ತರಗತಿಗಳಲ್ಲಿ ಹೇಳಿಯೂ ಇದ್ದೇವೆ. ಆ ಮಾತು ಎಷ್ಟರ ಮಟ್ಟಿಗೆ ನಿಜ? ಸಿದ್ಧಾಂತವನ್ನು ಚರ್ಚಿಸುತ್ತ ಕೂಡುವುದಕ್ಕಿಂತ ಒಬ್ಬ ಮನುಷ್ಯನ ಬಾಳಿಗೆ ಅದನ್ನು ಹಚ್ಚಿ ನೋಡುವುದು ಲೇಸು. ಚಿನ್ನವನ್ನು ಒರೆಗೆ ಹಚ್ಚುವಂತೆ.

ಮೊದಲು ಆಟದ ವಿಚಾರ. ನಮ್ಮ ಊರುಗಳಲ್ಲಿ ಕ್ರಿಕೆಟ್, ಹಾಕಿ, ಕಾಲ್ಚೆಂಡುಗಳಿಗಿರುವ ಬಳಕೆ ರಗ್ಬಿಗೆ ಇಲ್ಲವಾದ್ದರಿಂದ ಎರಡು ಮಾತು ಹೇಳಬೇಕು. ಇದೂ ಒಂದು ಬಗೆಯ ಕಾಲ್ಚೆಂಡೇ. ಆದರೆ ಚೆಂಡು ಮೊಟ್ಟೆಯ ಆಕಾರದ್ದು, ಅದನ್ನು ಕೈಯಲ್ಲಿ ಹಿಡಿದು ಓಡಬಹುದು. ಎದುರಾಳಿಯು ಓಡುವವನನ್ನು ಹಿಡಿದು ಕೆಡವಬಹುದು. ಕೈಯಿಂದ ಚೆಂಡನ್ನು ಎಸೆಯುವಾಗ ಮಾತ್ರ ಮುಂದಕ್ಕೆ ಎಸೆಯಕೂಡದು. ಪಕ್ಕಕ್ಕೆ ಅಥವಾ ಹಿಂದಕ್ಕೆ ಎಸೆಯಬೇಕು. ಎದುರು ಪಕ್ಷದ ಗಡಿಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದಕ್ಕೆ 'ಟ್ರೈ' ಎಂದು ಹೆಸರು. ಆ ಕಾಲದಲ್ಲಿ ಅದಕ್ಕೆ ಮೂರು ಅಂಕಗಳು. ಒಂದೊಂದು ತಂಡದಲ್ಲಿ ಹದಿನೈದು ಮಂದಿ. ಅವರಲ್ಲಿ ಬಲಿಷ್ಠರಾದ ಮುಂದಾಳುಗಳು ಹೆಗಲಿಗೆ ಹೆಗಲು ಕೊಟ್ಟು ಎದುರಾಳಿಗಳನ್ನು ಒತ್ತರಿಸುತ್ತಾರೆ. ಹಿಂದೆ ನಿಂತ ವೇಗಶಾಲಿಗಳು ಚೆಂಡಿಗಾಗಿ ಕಾಯುತ್ತಾರೆ. ಇವರಿಬ್ಬರ ನಡುವೆ ನಿಲ್ಲುವವರು ಇಬ್ಬರು ಹಾಫ್ ಬ್ಯಾಕುಗಳು. ಒಬ್ಬನು ಆ ಜನರ ಮುದ್ದೆಯಿಂದ ಹೊರಬಿದ್ದ ಚೆಂಡನ್ನು ಎತ್ತಿಕೊಡುವವನು. ಇನ್ನೊಬ್ಬನು ಅದನ್ನು ಪಡೆದು ಮುಂದೇನು ಮಾಡಬೇಕೆಂದು ಕ್ಷಣಾರ್ಧದಲ್ಲಿ ತೀರ್ಮಾನಿಸುವವನು. ಓಡುವುದೋ, ಒದೆಯುವುದೋ, ಪಕ್ಕದವನಿಗೆ ಕೊಡುವುದೋ, ಎಲ್ಲವೂ ಇವನ ಬುದ್ಧಿಗೆ ಬಿಟ್ಟದ್ದು. ತಂಡದ ತಲೆ ಈ ಎರಡನೆಯವನು ಎಂದರೆ ತಪ್ಪಾಗದು. ಜೇಮ್ಸ್ ಪೀಟರ್ಸ್ ನಿಂತದ್ದು ಈ ಸ್ಥಾನದಲ್ಲಿ. ತೋಳ್ಬಲದ ಕೆಲಸಕ್ಕಲ್ಲ, ಬುದ್ಧಿಯ ಕೆಲಸಕ್ಕೆ ಅವನನ್ನು ಆರಿಸಿದ್ದರೆಂಬುದನ್ನು ನೆನಪಿನಲ್ಲಿಡಬೇಕು.

ಅವನು ಹುಟ್ಟಿದ್ದು 1879ನೆಯ ಆಗಸ್ಟ್ 7ರಂದು, ಮ್ಯಾಂಚೆಸ್ಟರಿಗೆ ಅಂಟಿಕೊಂಡಿರುವ ಸಾಲ್ಫರ್ಡ್ ಪಟ್ಟಣದಲ್ಲಿ. ಕಲ್ಕತ್ತಾ ಕಪ್ಪಿಗಾಗಿ ಮೊದಲ ಪಂದ್ಯ ನಡೆದದ್ದೂ ಅದೇ ವರ್ಷ. ತಾಯಿ ಇಂಗ್ಲೆಂಡಿನವಳು, ತಂದೆ ವೆಸ್ಟ್ ಇಂಡೀಸ್ ದ್ವೀಪಗಳಿಂದ ಬಂದವನು. ತಂದೆಯ ಕಸುಬು ಸರ್ಕಸ್ಸಿನಲ್ಲಿ ಸಿಂಹಗಳನ್ನು ಪಳಗಿಸುವುದು. ಜೇಮ್ಸನು ಇನ್ನೂ ಎಳೆಯನಾಗಿದ್ದಾಗಲೇ ಆ ತಂದೆ ಸಿಂಹದ ಬೋನಿನಲ್ಲಿ ಗಾಯಗೊಂಡು ಸತ್ತನೆಂದು ಹೇಳುತ್ತಾರೆ. ಮಗನನ್ನು ಸಾಕುವ ಶಕ್ತಿಯಿಲ್ಲದ ತಾಯಿ ಅವನನ್ನು ಇನ್ನೊಂದು ಸರ್ಕಸ್ ಕಂಪನಿಗೆ ಒಪ್ಪಿಸಿದಳು. ಜೀನಿಲ್ಲದ ಕುದುರೆಯ ಬೆನ್ನಿನ ಮೇಲೆ ಸವಾರಿಮಾಡುತ್ತ ಹುಡುಗನು ಊರಿಂದೂರಿಗೆ ತಿರುಗಿದನು. ಹನ್ನೊಂದನೆಯ ವಯಸ್ಸಿನಲ್ಲಿ ಅವನ ಕೈ ಮುರಿಯಿತು. ಕೈ ಮುರಿದ ಸವಾರನಿಂದ ಸರ್ಕಸ್ಸಿನವರಿಗೆ ಏನು ಪ್ರಯೋಜನ? ಅವನನ್ನು ಅಲ್ಲೇ ಬಿಟ್ಟು ಅವರು ಮುಂದಿನ ಊರಿಗೆ ಹೊರಟುಹೋದರು.

ಇಲ್ಲಿಗೆ ಅವನ ಕಥೆ ಮುಗಿದಿದ್ದರೆ ಆಶ್ಚರ್ಯವಿರಲಿಲ್ಲ. ಆ ಶತಮಾನದ ಇಂಗ್ಲೆಂಡಿನ ಬೀದಿಗಳಲ್ಲಿ ಅಂಥ ಮಕ್ಕಳು ಎಷ್ಟೋ ಮಂದಿ. ಆದರೆ ಅದೇ ಇಂಗ್ಲೆಂಡಿನಲ್ಲಿ ಅಂಥ ಮಕ್ಕಳನ್ನು ಎತ್ತಿಕೊಳ್ಳುವ ಕೈಗಳೂ ಇದ್ದವು. ಜೆ. ಡಬ್ಲ್ಯು. ಸಿ. ಫೇಗನ್ ಎಂಬ ಧರ್ಮಿಷ್ಠನು ಗತಿಯಿಲ್ಲದ ಹುಡುಗರಿಗಾಗಿ ಲಂಡನ್ನಿನಲ್ಲಿ ಅನಾಥಾಲಯಗಳನ್ನು ನಡೆಸುತ್ತಿದ್ದನು. ಜೇಮ್ಸನು ಮೊದಲು ಅವನ ಸದಕ್‌ನ ಆಶ್ರಯಕ್ಕೂ ಅನಂತರ ಗ್ರಿನಿಚ್‌ನ ಆಶ್ರಯಕ್ಕೂ ಸೇರಿದನು. ಅಲ್ಲಿ ಹೊಟ್ಟೆಗೆ ಅನ್ನ ಸಿಕ್ಕಿತು, ಅಕ್ಷರ ಸಿಕ್ಕಿತು, ಆಟವೂ ಸಿಕ್ಕಿತು. ಓಟದಲ್ಲಿ, ನೆಗೆತದಲ್ಲಿ, ಕ್ರಿಕೆಟ್ಟಿನಲ್ಲಿ, ರಗ್ಬಿಯಲ್ಲಿ ಆ ಮನೆಯ ಹುಡುಗರಿಗೆಲ್ಲ ಅವನೇ ಮುಂದಾಳಾದನು. ಜೀನಿಲ್ಲದ ಕುದುರೆಯ ಮೇಲೆ ಮೈಯನ್ನು ತೂಗಿಸಿ ನಿಂತಿದ್ದವನಿಗೆ ಬಯಲಿನಲ್ಲಿ ಮೈ ಹೊರಳಿಸಿ ಎದುರಾಳಿಯ ಕೈ ತಪ್ಪಿಸಿಕೊಳ್ಳುವುದು ಕಷ್ಟವಾಗಿ ತೋರಿರಲಾರದು. ಹೀಗೆ ಹೇಳುವುದು ನನ್ನ ಊಹೆ ಮಾತ್ರ. ಆದರೆ ಚಿಕ್ಕಂದಿನಲ್ಲಿ ಮೈ ಕಲಿತದ್ದನ್ನು ಮೈ ಮರೆಯುವುದಿಲ್ಲವೆಂಬುದು ನಮಗೆಲ್ಲ ತಿಳಿದ ವಿಷಯವೇ.

ಪ್ರಾಯಕ್ಕೆ ಬಂದ ಮೇಲೆ ಅವನು ಬಡಗಿಯ ಕೆಲಸ ಹಿಡಿದು ಬ್ರಿಸ್ಟಲ್ ನಗರಕ್ಕೆ ಹೋದನು. 1900ರಿಂದ 1902ರವರೆಗೆ ಆ ಊರಿನ ಹೆಸರಾಂತ ತಂಡದಲ್ಲಿ ಆಡಿದನು. ಅಡಚಣೆ ಮೊದಲಾದದ್ದು ಇಲ್ಲಿ. ಅವನನ್ನು ತಂಡಕ್ಕೆ ಸೇರಿಸಿದರೆಂದು ಆಡಳಿತ ಮಂಡಲಿಯ ಸದಸ್ಯನೊಬ್ಬನು ತನ್ನ ಸ್ಥಾನಕ್ಕೆ ರಾಜೀನಾಮೆಯಿತ್ತನು. ಒಬ್ಬ ಕರಿಯನು ಬಿಳಿಯನೊಬ್ಬನ ಜಾಗವನ್ನು ಕಸಿದುಕೊಂಡನೆಂದು ಸ್ಥಳೀಯ ಪತ್ರಿಕೆಯೊಂದು ಗೊಣಗಿತು. ಈ ಮಾತಿನ ತರ್ಕವನ್ನು ಸ್ವಲ್ಪ ನೋಡಬೇಕು. ಜಾಗವು ಮೊದಲೇ ಬಿಳಿಯನದು, ಯಾವ ಬಿಳಿಯನದೆಂಬುದು ಮಾತ್ರ ಆಟದಿಂದ ಗೊತ್ತಾಗತಕ್ಕದ್ದು ಎಂಬುದು ಅದರ ಒಳಗಿನ ಅರ್ಥ. ಆದರೆ ಅದೇ ತಂಡ ಅವನನ್ನು ಆಡಿಸಿತೆಂಬುದನ್ನೂ ಮರೆಯಬಾರದು. ಒಬ್ಬನು ರಾಜೀನಾಮೆಯಿತ್ತನು, ಉಳಿದವರು ಇಡಲಿಲ್ಲ.

1902ರಲ್ಲಿ ಪೀಟರ್ಸ್ ನೈಋತ್ಯದ ಕಡಲ ತೀರದ ಪ್ಲಿಮತ್ ಪಟ್ಟಣಕ್ಕೆ ಹೋಗಿ ನೆಲೆಸಿದನು. ಅದು ನೌಕಾಪಡೆಯ ಹಡಗುಕಟ್ಟೆಯ ಊರು. ಬಡಗಿಗೆ ಕೆಲಸಕ್ಕೆ ಬರವಿಲ್ಲ. ನಾನಾ ದೇಶದ ನಾವಿಕರನ್ನು ಕಂಡ ಊರಾದ್ದರಿಂದ ಮೈಬಣ್ಣವೂ ಅಲ್ಲಿ ಅಷ್ಟು ದೊಡ್ಡ ಸಂಗತಿಯಾಗಿರಲಿಲ್ಲವೋ ಏನೋ. ಅಲ್ಲಿ ಪ್ಲಿಮತ್ ತಂಡಕ್ಕೂ ಡೆವನ್ ಕೌಂಟಿಯ ತಂಡಕ್ಕೂ ಅವನು ಆಡತೊಡಗಿದನು. ರ‍್ಯಾಫೆಲ್ ಜೇಗೋ ಎಂಬವನು ಅವನಿಗೆ ಜೊತೆಯ ಹಾಫ್ ಬ್ಯಾಕು. ಇವನು ಎತ್ತಿಕೊಡುವುದು, ಅವನು ಪಡೆದು ಆಟವನ್ನು ಬಿಡಿಸುವುದು. ಜುಗಲಬಂದಿಯಲ್ಲಿ ಒಬ್ಬನ ಮನಸ್ಸನ್ನು ಇನ್ನೊಬ್ಬನು ಅರಿತಂತೆ ಇಬ್ಬರೂ ಹೊಂದಿಕೊಂಡರು. 1906ರಲ್ಲಿ ಡೆವನ್ ತಂಡವು ಇಂಗ್ಲೆಂಡಿನ ಕೌಂಟಿಗಳಲ್ಲೆಲ್ಲ ಮೊದಲನೆಯದೆನಿಸಿತು. ಜನರು ಪೀಟರ್ಸ್‌ನಿಗೆ ಕರಿಯನೆಂಬ ಅರ್ಥದ ಒಂದು ಅಡ್ಡಹೆಸರನ್ನಿಟ್ಟು ಕರೆಯುತ್ತಿದ್ದರು. ಅಕ್ಕರೆಯಿಂದಲೇ ಕರೆದರೆಂದು ಹೇಳುವವರುಂಟು. ಅಕ್ಕರೆಯಿದ್ದರೂ ಇರಬಹುದು, ಆದರೆ ಜೇಗೋನನ್ನು ಯಾರೂ ಅವನ ಚರ್ಮದ ಬಣ್ಣದಿಂದ ಕರೆಯಲಿಲ್ಲವಷ್ಟೆ.

ಆಗ ಇಂಗ್ಲೆಂಡಿನ ರಾಷ್ಟ್ರೀಯ ತಂಡದ ಸ್ಥಿತಿ ಶೋಚನೀಯವಾಗಿತ್ತು. 1905ರ ಡಿಸೆಂಬರಿನಲ್ಲಿ ನ್ಯೂಜಿಲೆಂಡಿನವರು ಬಂದು 15 ಅಂಕಗಳಿಂದ ಸೋಲಿಸಿ ಹೋಗಿದ್ದರು. ಇಂಗ್ಲೆಂಡಿಗೆ ಒಂದು ಅಂಕವೂ ದಕ್ಕಿರಲಿಲ್ಲ. 1906ರ ಮೊದಲಲ್ಲಿ ವೇಲ್ಸಿನವರೂ ಐರ್ಲೆಂಡಿನವರೂ ಸೋಲಿಸಿದರು. ಸೋಲು ಮನುಷ್ಯನ ಕಣ್ಣನ್ನು ತೆರೆಯಿಸುತ್ತದೆ. ಡೆವನ್ನಿನ ಬಡಗಿಯು ಆರಿಸುವವರ ಕಣ್ಣಿಗೆ ಬಿದ್ದನು. ಸ್ಕಾಟ್ಲೆಂಡಿನ ಮೇಲಣ ಪಂದ್ಯಕ್ಕೆ ಅವನ ಹೆಸರು ಪ್ರಕಟವಾದಾಗ ಯಾರ್ಕ್‌ಷೈರಿನ ಪ್ರಮುಖ ಪತ್ರಿಕೆಯೊಂದು, ಜನಾಂಗದ ಕಾರಣದಿಂದ ಈ ಆಯ್ಕೆ ಜನಪ್ರಿಯವಾಗಿಲ್ಲವೆಂದು ಬರೆಯಿತು. ಆಟದ ಕಾರಣದಿಂದ ಎಂದು ಅದು ಬರೆಯಲಿಲ್ಲ. ಪಂದ್ಯ ನಡೆಯಿತು. ಇಂಗ್ಲೆಂಡು 9ಕ್ಕೆ 3ರಂತೆ ಗೆದ್ದಿತು. ಕಲ್ಕತ್ತೆಯ ಬೆಳ್ಳಿ ಆ ವರ್ಷ ಇಂಗ್ಲೆಂಡಿನ ಪಾಲಾಯಿತು. ಪ್ಲಿಮತ್ತಿನ ಈ ಆಟಗಾರನು ಚೆಂಡನ್ನು ಹಂಚುವುದರಲ್ಲಿ ಚಳಕ ತೋರಿಸಿದನೆಂದು ಕ್ರೀಡಾಪತ್ರಿಕೆಯವರು ಒಪ್ಪಿಕೊಂಡರು. ಐದು ದಿನಗಳ ತರುವಾಯ, ಮಾರ್ಚ್ 22ರಂದು, ಇಂಗ್ಲೆಂಡು ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ಮೇಲೆ ಮೊದಲ ಬಾರಿಗೆ ಆಡಿ 35ಕ್ಕೆ 8ರಂತೆ ಗೆದ್ದಾಗಲೂ ಪೀಟರ್ಸ್ ತಂಡದಲ್ಲಿದ್ದನು. ಸೋಲುತ್ತಲೇ ಇದ್ದ ತಂಡ ಅವನು ಬಂದ ಮೇಲೆ ಎರಡು ಪಂದ್ಯಗಳನ್ನೂ ಗೆದ್ದಿತ್ತು.

ಇಲ್ಲಿ ನಮ್ಮವರೇ ಆದ ರಣಜಿತ್ ಸಿಂಹಜಿಯವರ ನೆನಪು ಬಾರದೆ ಇರದು. ಹತ್ತು ವರ್ಷಗಳ ಹಿಂದೆ, 1896ರಲ್ಲಿ, ಆಸ್ಟ್ರೇಲಿಯದ ಮೇಲೆ ಅವರನ್ನು ಆಡಿಸಬೇಕೋ ಬೇಡವೋ ಎಂಬ ಚರ್ಚೆ ನಡೆದಿತ್ತು. ಲಾರ್ಡ್ಸ್ ಬಯಲಿನ ಪಂದ್ಯಕ್ಕೆ ಅವರನ್ನು ಕರೆಯಲಿಲ್ಲ. ಮ್ಯಾಂಚೆಸ್ಟರಿನ ಪಂದ್ಯಕ್ಕೆ ಕರೆದರು. ಅಲ್ಲಿ ಅವರು 62 ಮತ್ತು ಔಟಾಗದೆ 154 ಓಟಗಳನ್ನು ಹೊಡೆದು ಚರ್ಚೆಗೆ ಮಂಗಳ ಹಾಡಿದರು. ಆದರೆ ರಣಜಿಯವರ ಹಿಂದೆ ಕೇಂಬ್ರಿಜ್ ವಿಶ್ವವಿದ್ಯಾನಿಲಯವಿತ್ತು, ರಾಜಕುಮಾರನೆಂಬ ಹೆಸರಿನ ಪ್ರಭೆಯಿತ್ತು. ಪೀಟರ್ಸ್‌ನ ಹಿಂದೆ ಇದ್ದದ್ದು ಒಂದು ಅನಾಥಾಲಯ, ಕೈಯಲ್ಲಿದ್ದದ್ದು ಉಳಿ ಬಾಚಿ. ಬಣ್ಣದ ತಡೆಯನ್ನು ಪದವಿಯ ಬಲದಿಂದ ದಾಟುವುದು ಒಂದು ಬಗೆ. ಬಡತನವನ್ನೂ ಹೊತ್ತುಕೊಂಡು ದಾಟುವುದು ಇನ್ನೊಂದು ಬಗೆ.

1906ರ ಶರತ್ಕಾಲದಲ್ಲಿ ದಕ್ಷಿಣ ಆಫ್ರಿಕದ ತಂಡವು ಮೊದಲ ಬಾರಿಗೆ ಬ್ರಿಟನ್ನಿಗೆ ಬಂತು. ಬೋಯರ್ ಯುದ್ಧ ಮುಗಿದು ಇನ್ನೂ ನಾಲ್ಕೇ ವರ್ಷ. ಹಗೆಯಾಗಿದ್ದವರನ್ನು ಆಟದ ಮೂಲಕ ಗೆಳೆಯರನ್ನಾಗಿ ಮಾಡಿಕೊಳ್ಳಬೇಕೆಂಬುದು ಉಭಯ ಪಕ್ಷದವರ ಇಚ್ಛೆ. ಸ್ಪ್ರಿಂಗ್‌ಬಾಕ್ ಎಂಬ ಜಿಂಕೆಯ ಹೆಸರು ಅವರಿಗೆ ಬಂದದ್ದು ಈ ಪ್ರವಾಸದಲ್ಲಿಯೇ. ಅಕ್ಟೋಬರಿನಲ್ಲಿ ಅವರು ಡೆವನ್ ತಂಡದೊಡನೆ ಆಡಲು ಪ್ಲಿಮತ್ತಿನ ಬಳಿಯ ಡೆವನ್‌ಪೋರ್ಟಿಗೆ ಬಂದರು. ಎದುರು ತಂಡದಲ್ಲಿ ಕರಿಯನೊಬ್ಬನಿರುವುದನ್ನು ಕಂಡು ಅವರು ಆಡುವುದಿಲ್ಲವೆಂದರು. ಸುತ್ತಲೂ ಸಾವಿರಾರು ಜನ ಕಾಯುತ್ತಿದ್ದಾರೆ, ಆಟ ಮೊದಲಾಗದು. ಕೊನೆಗೆ ಅಲ್ಲಿದ್ದ ಅವರ ದೇಶದ ಹಿರಿಯ ಅಧಿಕಾರಿಯೊಬ್ಬನು ಅವರನ್ನು ಒಪ್ಪಿಸಿ ಬಯಲಿಗಿಳಿಸಿದನಂತೆ. ಈ ಕಥೆಯ ವಿವರಗಳು ಹೇಳುವವರಿಂದ ಹೇಳುವವರಿಗೆ ಸ್ವಲ್ಪ ಬದಲಾಗುತ್ತವೆ. ಪಂದ್ಯ ನಡೆದದ್ದು, ಪೀಟರ್ಸ್ ಆಡಿದ್ದು, ದಕ್ಷಿಣ ಆಫ್ರಿಕ 22ಕ್ಕೆ 6ರಂತೆ ಗೆದ್ದದ್ದು ಮಾತ್ರ ನಿಶ್ಚಯ. ಡೆವನ್ನಿನವರು ಅವನನ್ನು ತೆಗೆದುಹಾಕಿ ಅತಿಥಿಗಳನ್ನು ಸಮಾಧಾನಪಡಿಸಬಹುದಾಗಿತ್ತು. ಹಾಗೆ ಮಾಡಲಿಲ್ಲ. ಆ ಊರಿನ ಗೌರವಕ್ಕೆ ಇಷ್ಟು ಸಾಕು.

ಲಂಡನ್ನಿನವರು ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಡಿಸೆಂಬರ್ 8ರಂದು ಕ್ರಿಸ್ಟಲ್ ಪ್ಯಾಲೆಸ್ ಬಯಲಿನಲ್ಲಿ ಇಂಗ್ಲೆಂಡಿಗೂ ದಕ್ಷಿಣ ಆಫ್ರಿಕಕ್ಕೂ ಪಂದ್ಯ. ಹಿಂದಿನ ಎರಡು ಪಂದ್ಯಗಳನ್ನು ಗೆದ್ದ ತಂಡದಲ್ಲಿದ್ದ ಪೀಟರ್ಸ್‌ನ ಹೆಸರು ಈ ತಂಡದ ಪಟ್ಟಿಯಲ್ಲಿ ಇರಲಿಲ್ಲ. ಅತಿಥಿಗಳ ಮನಸ್ಸನ್ನು ನೋಯಿಸಬಾರದೆಂದು ಅವನನ್ನು ಬಿಟ್ಟರೆಂಬುದೇ ಅಂದಿನಿಂದ ಇಂದಿನವರೆಗೆ ಎಲ್ಲರೂ ಅದಕ್ಕೆ ಹೇಳುವ ಅರ್ಥ. ಈ ಪಂದ್ಯಕ್ಕೆ ಸಂಬಂಧಿಸಿದ ಇನ್ನೊಂದು ಕಥೆ ರಗ್ಬಿಯ ಲೋಕದಲ್ಲಿ ಬಹು ಪ್ರಸಿದ್ಧವಾದದ್ದು. ಸ್ಲೋಕಾಕ್ ಎಂಬ ಆಟಗಾರನಿಗೆ ಹೋಗಬೇಕಾಗಿದ್ದ ಕರೆಯೋಲೆ ಗುಮಾಸ್ತೆಯ ಕೈತಪ್ಪಿನಿಂದ ಆಲ್‌ಕಾಕ್ ಎಂಬ ವೈದ್ಯಕೀಯ ವಿದ್ಯಾರ್ಥಿಗೆ ಹೋಯಿತಂತೆ. ಅವನೂ ಸಂತೋಷದಿಂದ ಬಂದು ಇಂಗ್ಲೆಂಡಿಗಾಗಿ ಆಡಿದನಂತೆ. ಜನರು ಇದನ್ನು ಹೇಳಿ ನಗುತ್ತಾರೆ. ನಗತಕ್ಕ ಸಂಗತಿಯೇ. ಆದರೆ ಹೆಸರಿನ ತಪ್ಪಿನಿಂದ ಒಬ್ಬನು ಒಳಗೆ ಬಂದ ದಿನವೇ, ಆಟದಲ್ಲಿ ತಪ್ಪಿಲ್ಲದ ಇನ್ನೊಬ್ಬನು ಹೊರಗೆ ನಿಂತಿದ್ದನೆಂಬುದನ್ನು ನೆನೆದಾಗ ನಗು ಅರ್ಧಕ್ಕೇ ನಿಲ್ಲುತ್ತದೆ. ಪಂದ್ಯ 3ಕ್ಕೆ 3ರಂತೆ ಸಮವಾಯಿತು.

ಅತಿಥಿಯ ಮನಸ್ಸಿಗಾಗಿ ಮನೆಯವನನ್ನು ಒಳಗೆ ಕೂಡಿಹಾಕುವ ಈ ಪದ್ಧತಿ ಅಲ್ಲಿಗೆ ಮುಗಿಯಲಿಲ್ಲ. 1928ರಲ್ಲಿ, 1949ರಲ್ಲಿ, 1960ರಲ್ಲಿ ನ್ಯೂಜಿಲೆಂಡಿನವರು ದಕ್ಷಿಣ ಆಫ್ರಿಕಕ್ಕೆ ಹೋಗುವಾಗ ತಮ್ಮ ಮಾವೋರಿ ಆಟಗಾರರನ್ನು ಮನೆಯಲ್ಲೇ ಬಿಟ್ಟು ಹೋದರು. 1968ರಲ್ಲಿ ಕ್ರಿಕೆಟ್ಟಿನ ಬೇಸಿಲ್ ಡಿ ಒಲಿವೇರನ ವಿಷಯದಲ್ಲಿ ಲೋಕವೆಲ್ಲ ಎದ್ದು ನಿಲ್ಲಬೇಕಾಯಿತು. ಆಗ ಇಂಗ್ಲೆಂಡಿನ ಪ್ರವಾಸವೇ ನಿಂತುಹೋಯಿತು. ಆ ದೀರ್ಘ ವ್ಯವಹಾರದ ಮೊದಲ ಪುಟಗಳಲ್ಲಿ ಪ್ಲಿಮತ್ತಿನ ಬಡಗಿಯ ಹೆಸರನ್ನು ಬರೆಯತಕ್ಕದ್ದು.

ಆ ಪಂದ್ಯ ಮುಗಿದ ಮೇಲೆ ಅವನನ್ನು ಮತ್ತೆ ಕರೆದರು. 1907ರಲ್ಲಿ ಐರ್ಲೆಂಡು, ಸ್ಕಾಟ್ಲೆಂಡುಗಳ ಮೇಲೆ ಆಡಿದನು. ಎರಡರಲ್ಲಿಯೂ ಇಂಗ್ಲೆಂಡು ಸೋತಿತು. ಕೊನೆಯ ಪಂದ್ಯ 1908ರ ಜನವರಿಯಲ್ಲಿ, ವೇಲ್ಸಿನ ಮೇಲೆ, ನಡೆದದ್ದು ಬ್ರಿಸ್ಟಲ್ಲಿನಲ್ಲಿ. ಯಾವ ಊರಿನಲ್ಲಿ ಅವನಿಗಾಗಿ ಒಬ್ಬನು ರಾಜೀನಾಮೆಯಿತ್ತಿದ್ದನೋ ಅದೇ ಊರಿಗೆ ಅವನು ಇಂಗ್ಲೆಂಡಿನ ಬಿಳಿಯ ಅಂಗಿ ತೊಟ್ಟು ಬಂದನು. ಆ ದಿನ ಬಯಲಿನ ಮೇಲೆ ಎಷ್ಟು ದಟ್ಟವಾದ ಮಂಜು ಕವಿದಿತ್ತೆಂದರೆ, ನೋಡಬಂದವರಿಗೆ ಆಟಗಾರರು ಸರಿಯಾಗಿ ಕಾಣಿಸಲೇ ಇಲ್ಲ. ಮಂಜಿನೊಳಗೆ ಎಲ್ಲರ ಬಣ್ಣವೂ ಒಂದೇ ಆಗಿದ್ದಿರಬೇಕು. ವೇಲ್ಸ್ 28ಕ್ಕೆ 18ರಂತೆ ಗೆದ್ದಿತು. ಆಮೇಲೆ ದೇಶದ ತಂಡದಿಂದ ಪೀಟರ್ಸ್‌ನಿಗೆ ಕರೆ ಬರಲಿಲ್ಲ. ಆಗ ಅವನಿಗೆ 28 ವರ್ಷ.

ಇಲ್ಲಿಯವರೆಗೆ ಹೇಳಿದ್ದು ಬಣ್ಣದ ಕಥೆ. ಅವನ ಆಟಕ್ಕೆ ಕೊನೆ ತಂದದ್ದು ಮಾತ್ರ ಬಣ್ಣವಲ್ಲ, ಕೂಲಿ. ಇದು ಅರ್ಥವಾಗಬೇಕಾದರೆ ಆ ಆಟದ ಇತಿಹಾಸದ ಒಂದು ದೊಡ್ಡ ಜಗಳವನ್ನು ತಿಳಿಯಬೇಕು. ರಗ್ಬಿಯ ಒಕ್ಕೂಟ ಸ್ಥಾಪನೆಯಾದದ್ದು 1871ರಲ್ಲಿ. ಅದನ್ನು ಸ್ಥಾಪಿಸಿದವರು ದೊಡ್ಡ ಶಾಲೆಗಳಲ್ಲಿ ಓದಿದ ಸ್ಥಿತಿವಂತರು. ಆಟವನ್ನು ಆಟಕ್ಕಾಗಿಯೇ ಆಡಬೇಕು, ಹಣ ಮುಟ್ಟಬಾರದು ಎಂಬುದು ಅವರ ವ್ರತ. ಕೇಳುವುದಕ್ಕೆ ಬಹಳ ಉದಾತ್ತವಾದ ವ್ರತವೇ. ಆದರೆ ಆಟವು ಉತ್ತರದ ಗಿರಣಿಗಳ, ಕಲ್ಲಿದ್ದಲ ಗಣಿಗಳ ಕೆಲಸಗಾರರಿಗೆ ಹಬ್ಬಿದ ಮೇಲೆ ತೊಡಕು ಹುಟ್ಟಿತು. ಶನಿವಾರ ಆಡಲು ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಪೆಟ್ಟುಬಿದ್ದರೆ ವಾರಗಟ್ಟಲೆಯ ಕೂಲಿ ಹೋಗುತ್ತಿತ್ತು. ನಮಗೆ ಸಂಬಳ ಬೇಡ, ಕಳೆದುಕೊಂಡ ಕೂಲಿಯನ್ನು ತುಂಬಿಕೊಡಿ ಎಂದು ಅವರು ಕೇಳಿದರು. ಒಕ್ಕೂಟ ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಉತ್ತರದ ಇಪ್ಪತ್ತಕ್ಕೂ ಹೆಚ್ಚು ಸಂಘಗಳು ಹಡರ್ಸ್‌ಫೀಲ್ಡಿನ ಒಂದು ಹೋಟೆಲಿನಲ್ಲಿ ಸೇರಿ ತಮ್ಮದೇ ಬೇರೆ ಒಕ್ಕೂಟವನ್ನು ಮಾಡಿಕೊಂಡವು. ದಿನಕ್ಕೆ ಆರು ಷಿಲಿಂಗಿನವರೆಗೆ ಕೂಲಿ ತುಂಬಿಕೊಡಬಹುದೆಂದು ಅವು ಗೊತ್ತುಮಾಡಿದವು. ಅಂದಿನಿಂದ ರಗ್ಬಿಯು ಎರಡು ಮನೆಯಾಯಿತು. ಆ ಮನೆಯಲ್ಲಿ ಒಮ್ಮೆ ಉಂಡವನಿಗೆ ಈ ಮನೆಯ ಬಾಗಿಲು ಮುಚ್ಚಿತೆಂದೇ ಲೆಕ್ಕ.

ಹಣವುಳ್ಳವನಿಗೆ ಹಣ ಮುಟ್ಟದಿರುವುದು ಸುಲಭ. ಉಪವಾಸವು ಉಂಡವನಿಗೆ ವ್ರತ, ಇಲ್ಲದವನಿಗೆ ಹಸಿವು. ವಕೀಲನ ಮಗನಿಗೂ ಬಡಗಿಗೂ ಒಂದೇ ನಿಯಮವಿದ್ದರೆ ಅದು ಸಮಾನತೆಯೆಂದು ಹೊರಗೆ ತೋರುತ್ತದೆ. ಆದರೆ ಅದರ ಭಾರ ಒಬ್ಬನ ಹೆಗಲಿನ ಮೇಲೆ ಮಾತ್ರ ಬೀಳುತ್ತದೆ. ಬಣ್ಣದ ತಡೆಗೆ ಲಿಖಿತವಾದ ನಿಯಮವೇನೂ ಇರಲಿಲ್ಲ. ಆದ್ದರಿಂದ ಡೆವನ್ನಿನಲ್ಲಿ ಅದನ್ನು ದಾಟುವವರಿದ್ದರು. ಕೂಲಿಯ ತಡೆಯು ನಿಯಮಾವಳಿಯಲ್ಲೇ ಅಚ್ಚಾಗಿತ್ತು; ಅದನ್ನು ದಾಟಿಸುವವರು ಯಾರೂ ಇರಲಿಲ್ಲ.

1910ರಲ್ಲಿ ಹಡಗುಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದಾಗ ಅಪಘಾತವಾಗಿ ಪೀಟರ್ಸ್ ಮೂರು ಬೆರಳುಗಳನ್ನು ಕಳೆದುಕೊಂಡನು. ಬಡಗಿಗೆ ಬೆರಳೇ ಬಂಡವಾಳ. ಚೆಂಡನ್ನು ಹಿಡಿದು ಹಂಚುವ ಹಾಫ್ ಬ್ಯಾಕಿಗೂ ಅಷ್ಟೆ. ಇನ್ನು ಇವನ ಆಟ ಮುಗಿಯಿತೆಂದು ಜನರು ತಿಳಿದರು. ಅವನು ಉಳಿದ ಬೆರಳುಗಳಿಂದಲೇ ಚೆಂಡು ಹಿಡಿಯುವುದನ್ನು ಕಲಿತು ಮತ್ತೆ ಆಡಲಿಳಿದನು. ಆ ಹೊತ್ತಿಗೆ ಉತ್ತರದವರ ಹೊಸ ಆಟ ಪಶ್ಚಿಮದ ಕಡೆಗೂ ಕೈಚಾಚುತ್ತಿತ್ತು. ಒಕ್ಕೂಟದವರು ಗಾಬರಿಗೊಂಡು ವಿಚಾರಣೆ ನಡೆಸಿ, ಹಣ ಪಡೆದರೆಂಬ ಆಪಾದನೆಯ ಮೇಲೆ 1912ರಲ್ಲಿ ಡೆವನ್ನಿನ ಅನೇಕ ಆಟಗಾರರನ್ನು ಹೊರಹಾಕಿದರು. ಅವರಲ್ಲಿ ಪೀಟರ್ಸ್‌ನೂ ಒಬ್ಬ. ದೇಶಕ್ಕಾಗಿ ಐದು ಸಲ ಆಡಿದ, ಮೂರು ಬೆರಳಿಲ್ಲದ ಬಡಗಿಗೆ ಇಂಗ್ಲೆಂಡಿನ ರಗ್ಬಿ ಒಕ್ಕೂಟದಿಂದ ದೊರೆತ ಕೊನೆಯ ಸಂದೇಶ ಅದು.

ಅವನು ತಾನು ಹುಟ್ಟಿದ ಉತ್ತರ ದೇಶಕ್ಕೆ ಹಿಂದಿರುಗಿದನು. 1913ರಲ್ಲಿ ಬ್ಯಾರೋ ತಂಡಕ್ಕೂ ಅನಂತರ ಸೇಂಟ್ ಹೆಲೆನ್ಸ್ ತಂಡಕ್ಕೂ ಸೇರಿ, ಕೂಲಿ ತೆಗೆದುಕೊಂಡು ಧಾರಾಳವಾಗಿ ಆಡಿದನು. ವಯಸ್ಸು ಮೂವತ್ತು ದಾಟಿತ್ತು. ಆಟದ ಸೊಗಸು ಇಳಿಮುಖವಾಗಿತ್ತು. 1914ರಲ್ಲಿ ಆಟವನ್ನು ಬಿಟ್ಟನು. ಮತ್ತೆ ಪ್ಲಿಮತ್ತಿಗೆ ಬಂದು, ತನ್ನ ಬಡಗಿಯ ಕೆಲಸವನ್ನು ಹಿಡಿದು, ಬಹುಕಾಲ ಅಲ್ಲಿಯೇ ಬಾಳಿದನು. ಎರಡು ಮಹಾಯುದ್ಧಗಳನ್ನು ಕಂಡು, 1954ರ ಮಾರ್ಚ್ 26ರಂದು ತೀರಿಕೊಂಡನು. ಆಗ ಅವನಿಗೆ 74 ವರ್ಷ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆಟದ ಬಯಲು ನ್ಯಾಯದ ಪಾಠಶಾಲೆಯೆ? ಈ ಬಾಳನ್ನು ಒರೆಗಲ್ಲಿಗೆ ಹಚ್ಚಿದರೆ ಬರುವ ಗೆರೆ ಪೂರ್ತಿ ಚಿನ್ನದ್ದೂ ಅಲ್ಲ, ಪೂರ್ತಿ ಹಿತ್ತಾಳೆಯದೂ ಅಲ್ಲ. ಬಯಲಿನ ಒಳಗೆ, ಗೆರೆಗಳ ನಡುವೆ, ಆಟವು ಪೀಟರ್ಸ್‌ನಿಗೆ ನ್ಯಾಯವನ್ನೇ ಮಾಡಿತು. ಚೆಂಡು ಅವನ ಕೈಗೂ ಜೇಗೋನ ಕೈಗೂ ಭೇದವೆಣಿಸಲಿಲ್ಲ. ಎಡಿನ್‌ಬರೋದಲ್ಲಿ ಗೆದ್ದ 9 ಅಂಕಗಳಲ್ಲಿ ಯಾವುದು ಕರಿಯನ ಪಾಲು, ಯಾವುದು ಬಿಳಿಯನ ಪಾಲು ಎಂದು ಯಾರೂ ಬಿಡಿಸಿ ಹೇಳಲಾರರು. ಅನ್ಯಾಯ ನಡೆದದ್ದೆಲ್ಲ ಗೆರೆಯ ಹೊರಗೆ: ಸಮಿತಿಯ ಕೋಣೆಯಲ್ಲಿ, ಪತ್ರಿಕೆಯ ಅಂಕಣದಲ್ಲಿ, ನಿಯಮ ಬರೆಯುವವರ ಮೇಜಿನ ಮೇಲೆ. ಆದ್ದರಿಂದ ಆಟವನ್ನು ಹೊಗಳುವಾಗ ನಾವು ಸ್ವಲ್ಪ ಎಚ್ಚರವಾಗಿರಬೇಕು. ಆಟ ನ್ಯಾಯವಾದದ್ದೇ, ಆದರೆ ಆಟದೊಳಕ್ಕೆ ಯಾರನ್ನು ಬಿಡಬೇಕೆಂದು ಗೊತ್ತುಮಾಡುವುದು ಆಟವಲ್ಲ, ಮನುಷ್ಯರು. ಬಾಗಿಲಲ್ಲಿ ನಿಂತವನು ನ್ಯಾಯವಂತನಲ್ಲದಿದ್ದರೆ ಒಳಗಿನ ನ್ಯಾಯದಿಂದ ಹೊರಗಿನವನಿಗೆ ಬಂದ ಭಾಗ್ಯವೇನು? ಇದು ಇಂಗ್ಲೆಂಡಿಗೆ ಮಾತ್ರ ಹೇಳಿದ ಮಾತಲ್ಲ. ದೇವಾಲಯ, ಬಾವಿ, ಶಾಲೆ ಮುಂತಾದವುಗಳ ಬಾಗಿಲಲ್ಲಿ ನಾವು ಯಾರನ್ನು ನಿಲ್ಲಿಸಿದ್ದೆವು ಎಂಬುದನ್ನು ನೆನೆದರೆ, ಬ್ರಿಸ್ಟಲ್ಲಿನ ಆ ಸದಸ್ಯನು ನಮಗೆ ತೀರ ಅಪರಿಚಿತನಾಗಿ ತೋರುವುದಿಲ್ಲ.

ಪೀಟರ್ಸ್‌ನ ಬಳಿಕ ಇಂಗ್ಲೆಂಡಿನ ತಂಡದಲ್ಲಿ ಮತ್ತೊಬ್ಬ ಕರಿಯ ಆಟಗಾರನು ಕಾಣಿಸಿಕೊಂಡದ್ದು 1988ರಲ್ಲಿ. ಎಂದರೆ 80 ವರ್ಷಗಳ ಮೇಲೆ. ಅವನ ಹೆಸರು ಕ್ರಿಸ್ ಓಟಿ. ಕೂಲಿಯ ನಿಷೇಧವನ್ನು ಒಕ್ಕೂಟದವರು ಬಿಟ್ಟದ್ದು 1995ರಲ್ಲಿ. ಉತ್ತರದವರು ಬೇರೆಯಾಗಿ ಆಗ ಸರಿಯಾಗಿ ನೂರು ವರ್ಷ. ಎರಡು ಬಾಗಿಲುಗಳೂ ಕೊನೆಗೆ ತೆರೆದವು. ಬಡಗಿಯು ಆ ಹೊತ್ತಿಗೆ ಮಣ್ಣಾಗಿ ಎಷ್ಟೋ ಕಾಲವಾಗಿತ್ತು.

ಓಟಿಯ ಮೊದಲನೆಯ ಪಂದ್ಯವೂ ಸ್ಕಾಟ್ಲೆಂಡಿನ ಮೇಲೆಯೇ, ಊರೂ ಎಡಿನ್‌ಬರೋವೇ, ಗೆದ್ದದ್ದೂ ಇಂಗ್ಲೆಂಡೇ. ಪಣವಾಗಿದ್ದದ್ದು ಅದೇ ಬಟ್ಟಲು: 270 ರೂಪಾಯಿಗಳ ಬೆಳ್ಳಿ, ಮೂರು ನಾಗರ, ಒಂದು ಆನೆ. ಆ ರೂಪಾಯಿಗಳು ಕಲ್ಕತ್ತೆಯಲ್ಲಿ ಎಷ್ಟು ಕೈಗಳನ್ನು ದಾಟಿದ್ದವೋ ಯಾರು ಬಲ್ಲರು? ಬಿಳಿಯ ಕೈ, ಕರಿಯ ಕೈ, ಕೂಲಿಯ ಕೈ, ಸಾಹುಕಾರನ ಕೈ. ನಾಣ್ಯವಾಗಿದ್ದಾಗ ಬೆಳ್ಳಿಯು ಯಾರ ಕೈಯನ್ನೂ ಬೇಡವೆಂದಿರಲಿಲ್ಲ.